ಇಯಾಗೊನ ಬಲೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದು ಹೇಗೆ: ‘ಒಥೆಲೊ’ ಓದುವವರಿಗೊಂದು ಸಮಗ್ರ ಮಾರ್ಗದರ್ಶಿ

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ಮೊದಲ ಸಲ ಓದಿದವರಲ್ಲಿ ಹೆಚ್ಚಿನವರು ಒಂದೇ ತೀರ್ಪಿಗೆ ಬರುತ್ತಾರೆ: ಒಥೆಲೊ ಹಿತ್ತಾಳೆ ಕಿವಿಯವನು, ಯಾರೋ ಚಾಡಿ ಹೇಳಿದ್ದನ್ನು ನಂಬಿ ಕೈಹಿಡಿದ ಹೆಂಡತಿಯನ್ನು ಕೊಂದ ಮೂರ್ಖ. ತರಗತಿಯಲ್ಲಿ ಈ ನಾಟಕವನ್ನು ಪಾಠ ಮಾಡುವಾಗಲೆಲ್ಲ ನಾನು ಈ ತೀರ್ಪನ್ನು ಎದುರಿಸಿದ್ದೇನೆ, ಮತ್ತು ಅದು ತಪ್ಪೆಂದು ನನಗೆ ಪ್ರತಿ ಸಲವೂ ಇನ್ನಷ್ಟು ಖಚಿತವಾಗಿದೆ. ವೆನಿಸ್ಸಿನ ಸೇನಾಪತಿ ಒಥೆಲೊನ ಕೈಕೆಳಗಿನ ಧ್ವಜಧಾರಿ ಇಯಾಗೊ ಮೋಸಗೊಳಿಸುವುದು ಒಥೆಲೊ ಒಬ್ಬನನ್ನೇ ಅಲ್ಲ. ಒಥೆಲೊನ ಹೆಂಡತಿ ಡೆಸ್ಡಿಮೋನಾ, ಅವಳನ್ನು ಬಯಸುವ ರೊಡೆರಿಗೊ, ಒಥೆಲೊನ ಲೆಫ್ಟಿನೆಂಟ್ ಕ್ಯಾಸಿಯೊ, ಸೈಪ್ರಸ್ಸಿನ ಅಧಿಕಾರಿ ಮೊಂಟಾನೊ, ಇಯಾಗೊನ ಹಾಸಿಗೆ ಹಂಚಿಕೊಂಡ ಹೆಂಡತಿ ಎಮಿಲಿಯಾ, ಹೀಗೆ ರಂಗದ ಮೇಲೆ ಅವನಿಗೆ ಹತ್ತಿರ ಬಂದ ಪ್ರತಿಯೊಬ್ಬರೂ ಮೋಸ ಹೋಗುತ್ತಾರೆ. ಇಷ್ಟು ಜನರೂ ಒಟ್ಟಿಗೆ ಮೂರ್ಖರಾಗಿರಲು ಸಾಧ್ಯವಿಲ್ಲ. ಹಾಗಾದರೆ ಅವನ ಕೈಚಳಕ ಎಲ್ಲಿದೆ ಎಂಬುದನ್ನು ಪಠ್ಯವನ್ನೇ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಹುಡುಕುವ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ. ಪದವಿ ತರಗತಿಗಳ ವಿದ್ಯಾರ್ಥಿಗಳಿಗೂ, ಈ ನಾಟಕವನ್ನು ಆಡಿಸಹೊರಟ ಹವ್ಯಾಸಿ ತಂಡಗಳಿಗೂ ಇದು ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಒಂದು ನೋಟ್‌ಬುಕ್ ಮತ್ತು ಎರಡು ಬಣ್ಣದ ಪೆನ್ನು ಇದ್ದರೆ ಸಾಕು. ನಾಟಕದ ಹಿನ್ನೆಲೆಯನ್ನು ಹೆಚ್ಚು ಕೆದಕಬೇಕಾಗಿಲ್ಲವಾದರೂ ಕೆಲವು ಸಂಗತಿಗಳು ತಿಳಿದಿರಬೇಕು. ದಾಖಲೆ ಸಿಗುವ ಮೊದಲ ಪ್ರದರ್ಶನ ನಡೆದದ್ದು 1604ರ ನವೆಂಬರ್ 1ರಂದು, ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ. ನಾಟಕ ಮುದ್ರಣವಾದದ್ದು 1622ರಲ್ಲಿ ಕ್ವಾರ್ಟೊ ಎಂಬ ಚಿಕ್ಕ ಆಕಾರದ ಬಿಡಿ ಪುಸ್ತಕವಾಗಿ, ಮರುವರ್ಷ ಫೋಲಿಯೊ ಎಂಬ, ಅವನ ನಾಟಕಗಳ ದೊಡ್ಡ ಸಂಪುಟದಲ್ಲಿ. ಈ ಎರಡು ಪಾಠಗಳ ನಡುವೆ ವ್ಯತ್ಯಾಸಗಳಿರುವುದರಿಂದ ನಿಮ್ಮ ಕೈಯಲ್ಲಿರುವ ಆವೃತ್ತಿ ಯಾವುದನ್ನು ಅನುಸರಿಸಿದೆ ಎಂದು ಮುನ್ನುಡಿಯಲ್ಲಿ ನೋಡಿಕೊಳ್ಳಿ. ಕಥೆಯ ಮೂಲ ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿದೆ. ಷೇಕ್ಸ್‌ಪಿಯರ್ ಅಲ್ಲಿಂದ ಏನನ್ನು ಬದಲಾಯಿಸಿಕೊಂಡ ಎಂಬುದು ಮುಂದೆ ನಮಗೆ ಬಹಳ ನೆರವಾಗುತ್ತದೆ. ಕನ್ನಡಕ್ಕೆ ಈ ಕಥೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ; ಮೈಸೂರು ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ಎಂಬ ಹೆಸರಿನಲ್ಲಿ ಇದನ್ನು ನಮ್ಮ ರಂಗಭೂಮಿಗೆ ಒಗ್ಗಿಸಿ ಬರೆದರು.

ಈಗ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಇಯಾಗೊ ಆಡಿದ ಮಾತುಗಳಲ್ಲಿ ಸುಳ್ಳೆಂದು ಸಾಬೀತು ಮಾಡಬಹುದಾದವನ್ನು ಒಂದು ಬಣ್ಣದಲ್ಲೂ, ನಿಜವಾದರೂ ಕೇಡಿನ ಉದ್ದೇಶದಿಂದ ಆಡಿದವನ್ನು ಇನ್ನೊಂದು ಬಣ್ಣದಲ್ಲೂ ಬರೆಯುತ್ತಾ ಹೋಗಿ. ಮೂರನೆಯ ಅಂಕ ಮುಗಿಯುವಷ್ಟರಲ್ಲಿ ಎರಡನೆಯ ಬಣ್ಣದ ಸಾಲುಗಳು ನೀವೆಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಾಗಿರುವುದು ಕಾಣುತ್ತದೆ. ಈ ಮಾರ್ಗದರ್ಶಿಯ ಮೂಲ ವಿಚಾರವೇ ಅದು: ಇಯಾಗೊ ಅಗತ್ಯ ಬಿದ್ದಾಗ ಮಾತ್ರ ಸುಳ್ಳು ಹೇಳುತ್ತಾನೆ, ಉಳಿದ ಕೆಲಸವನ್ನೆಲ್ಲ ಅವನು ಎದುರಿಗಿರುವವರ ಒಳ್ಳೆಯತನದಿಂದ ಮಾಡಿಸುತ್ತಾನೆ.

ಒಂದನೆಯ ಹೆಜ್ಜೆ: ಕತ್ತಲಲ್ಲಿ ಯಾರು ಹೆಸರು ಹೇಳಿದರು ಎಂದು ನೋಡಿ

ನಾಟಕ ತೆರೆದುಕೊಳ್ಳುವುದು ವೆನಿಸ್ಸಿನ ಬೀದಿಯಲ್ಲಿ, ರಾತ್ರಿಯಲ್ಲಿ. ಒಥೆಲೊ ತನ್ನನ್ನು ಬಿಟ್ಟು, ರಣರಂಗ ಕಾಣದ ಫ್ಲಾರೆನ್ಸಿನ ಕ್ಯಾಸಿಯೊಗೆ ಲೆಫ್ಟಿನೆಂಟ್ ಪದವಿ ಕೊಟ್ಟನೆಂದು ಇಯಾಗೊ ಕುದಿಯುತ್ತಿದ್ದಾನೆ. ಅವನಿಗೆ ದಕ್ಕಿರುವುದು ಧ್ವಜ ಹಿಡಿಯುವ ಕೆಲಸ. ಡೆಸ್ಡಿಮೋನಾ ಮನೆಬಿಟ್ಟು ಒಥೆಲೊನನ್ನು ಮದುವೆಯಾದ ಸುದ್ದಿಯನ್ನು ಅವಳ ತಂದೆ ಬ್ರಬಾಂಶಿಯೊನ ಕಿವಿಗೆ ಹಾಕಲು ಇಯಾಗೊ ಮತ್ತು ರೊಡೆರಿಗೊ ಅವನ ಮನೆಯ ಕೆಳಗೆ ನಿಂತು ಕೂಗುತ್ತಾರೆ. ಅತ್ಯಂತ ಹೊಲಸು ಮಾತುಗಳೆಲ್ಲ ಇಯಾಗೊನವು. ಆದರೆ ಮುದುಕ ಯಾರೆಂದು ಕೇಳಿದಾಗ ಹೆಸರು ಹೇಳುವವನು ರೊಡೆರಿಗೊ ಮಾತ್ರ. ಮುದುಕ ಕೆಳಗಿಳಿದು ಬರುವಷ್ಟರಲ್ಲಿ, ತಾನು ಒಥೆಲೊನ ವಿರುದ್ಧ ಸಾಕ್ಷಿಯಾಗಿ ನಿಲ್ಲುವುದು ತರವಲ್ಲವೆಂದು ಹೇಳಿ ಇಯಾಗೊ ಜಾಗ ಖಾಲಿ ಮಾಡುತ್ತಾನೆ.

ಮರುದೃಶ್ಯದಲ್ಲೇ ಅವನು ಒಥೆಲೊನ ಪಕ್ಕದಲ್ಲಿ ನಿಂತು, ಯಾರೋ ನಿಮ್ಮ ಬಗ್ಗೆ ಕೆಟ್ಟದಾಗಿ ಮಾತನಾಡಿದಾಗ ಒಂಬತ್ತು ಹತ್ತು ಸಲ ಪಕ್ಕೆಗೆ ತಿವಿಯಬೇಕೆನಿಸಿತು ಎನ್ನುತ್ತಾನೆ. ಬೆಂಕಿಯಿಟ್ಟವನೇ ಕೊಡ ಹೊತ್ತು ಬಂದು ನಿಂತಂತೆ. ಈ ಎರಡು ದೃಶ್ಯಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದರೆ, ಮುಂದಿನ ನಾಲ್ಕು ಅಂಕಗಳಲ್ಲಿ ಅವನು ಬಳಸುವ ಪಟ್ಟು ಕೈಗೆ ಸಿಗುತ್ತದೆ: ಕೆಲಸ ಅವನದು, ಹೆಸರು ಇನ್ನೊಬ್ಬರದು.

ಎರಡನೆಯ ಹೆಜ್ಜೆ: ಯಾರು ಯಾವ ಕಾರಣಕ್ಕೆ ನಂಬುತ್ತಾರೆ ಎಂದು ಬರೆದಿಡಿ

ಪ್ರತಿ ಪಾತ್ರದ ಹೆಸರಿನ ಮುಂದೆ ಆ ಪಾತ್ರಕ್ಕೆ ಬಹಳ ಬೇಕಾಗಿರುವುದು ಏನು ಎಂದು ಬರೆಯಿರಿ. ರೊಡೆರಿಗೊಗೆ ಡೆಸ್ಡಿಮೋನಾ ಬೇಕು. ಆಸೆ ಹುಟ್ಟಿಸಿದರೆ ಸಾಕು, ಅವನು ಹಣದ ಚೀಲ ಬಿಚ್ಚುತ್ತಾನೆ. ಮೊದಲ ಅಂಕದ ಕೊನೆಯಲ್ಲಿ ‘ಕಿಸೆಗೆ ಹಣ ತುಂಬಿಕೋ’ ಎಂಬ ಮಾತನ್ನು ಇಯಾಗೊ ಅವನ ಮುಂದೆ ಮತ್ತೆ ಮತ್ತೆ ಮಂತ್ರದಂತೆ ಹೇಳುವುದನ್ನು ಜೋರಾಗಿ ಓದಿ ನೋಡಿದರೆ, ಅದು ತರ್ಕವೇ ಅಲ್ಲ, ತಲೆಯೊಳಗೆ ಬಡಿದು ಕೂರಿಸುವ ತಾಳ ಎಂಬುದು ತಿಳಿಯುತ್ತದೆ. ಕ್ಯಾಸಿಯೊಗೆ ಮರ್ಯಾದೆ ಬೇಕು. ಎಮಿಲಿಯಾಗೆ ಮುಖ ಕೊಟ್ಟು ಮಾತನಾಡದ ಗಂಡನ ಒಂದು ಮೆಚ್ಚುಗೆಯ ಮಾತು ಬೇಕು. ಡೆಸ್ಡಿಮೋನಾಗೆ, ಸಂಕಟದಲ್ಲಿರುವವರಿಗೆ ನೆರವಾಗಬೇಕು.

ಒಥೆಲೊಗೆ ಬೇಕಾದದ್ದೇನು ಎಂಬ ಪ್ರಶ್ನೆ ಕಷ್ಟದ್ದು. ಅವನು ಯುದ್ಧದಲ್ಲಿ ಬದುಕಿದವನು. ಅಲ್ಲಿ ಪಕ್ಕದಲ್ಲಿ ನಿಂತ ಸೈನಿಕನ ಮಾತನ್ನು ನಂಬದಿದ್ದರೆ ಪ್ರಾಣ ಉಳಿಯುವುದಿಲ್ಲ. ಅವನು ವೆನಿಸ್ಸಿಗೆ ಹೊರಗಿನವನು, ಕಪ್ಪು ಬಣ್ಣದವನು, ಹೆಂಡತಿಗಿಂತ ವಯಸ್ಸಿನಲ್ಲಿ ಹಿರಿಯನು. ಆ ನಗರದ ಮನೆಯೊಳಗಿನ ರೀತಿನೀತಿಗಳನ್ನು ಬಲ್ಲ, ತನಗೆ ಹತ್ತಿರವಾದ ಒಬ್ಬ ಬೇಕು ಅವನಿಗೆ. ಆ ಜಾಗವನ್ನು ಇಯಾಗೊ ತುಂಬುತ್ತಾನೆ. ಒಥೆಲೊನದು ತೆರೆದ ಮನಸ್ಸು, ಪ್ರಾಮಾಣಿಕರಂತೆ ಕಂಡವರನ್ನೆಲ್ಲ ಪ್ರಾಮಾಣಿಕರೆಂದೇ ತಿಳಿಯುತ್ತಾನೆ ಎಂದು ಇಯಾಗೊನೇ ಸ್ವಗತದಲ್ಲಿ ಒಪ್ಪಿಕೊಳ್ಳುತ್ತಾನೆ. ‘ಪ್ರಾಮಾಣಿಕ’ ಎಂಬ ಪದ ಮತ್ತು ಅದರ ರೂಪಗಳು ಈ ನಾಟಕದಲ್ಲಿ ಐವತ್ತು ಸಲದ ಆಸುಪಾಸು ಬರುತ್ತವೆ. ಅವುಗಳಲ್ಲಿ ಎಷ್ಟು ಇಯಾಗೊನ ಬೆನ್ನಿಗೆ ಅಂಟಿಕೊಂಡಿವೆ, ಅಂಟಿಸಿದವರು ಯಾರು ಎಂದು ಗುರುತು ಹಾಕುವುದು ಒಂದು ಸಂಜೆಯ ಕೆಲಸ, ಆದರೆ ಅದರಿಂದ ಸಿಗುವ ತಿಳಿವಳಿಕೆ ದೊಡ್ಡದು.

ಮೂರನೆಯ ಹೆಜ್ಜೆ: ಸ್ವಗತಗಳನ್ನು ನಂಬಬೇಡಿ, ಆದರೆ ಬಿಡಲೂ ಬೇಡಿ

ಇಯಾಗೊ ಒಬ್ಬನೇ ನಿಂತು ಪ್ರೇಕ್ಷಕರೊಂದಿಗೆ ಮಾತನಾಡುವ ಭಾಗಗಳನ್ನು ಬೇರೆಯಾಗಿ ತೆಗೆದು ಸಾಲಾಗಿ ಓದಿ. ದ್ವೇಷಕ್ಕೆ ಅವನು ಕೊಡುವ ಕಾರಣ ಪ್ರತಿ ಸಲವೂ ಬದಲಾಗುತ್ತದೆ. ಮೊದಲು, ರೊಡೆರಿಗೊನ ಮುಂದೆ, ಪದವಿ ತಪ್ಪಿದ್ದು. ಆಮೇಲೆ ಒಥೆಲೊ ತನ್ನ ಹೆಂಡತಿಯೊಂದಿಗೆ ಇದ್ದನೆಂಬ ಗಾಳಿಮಾತು. ಆಮೇಲೆ ಕ್ಯಾಸಿಯೊನ ಮೇಲೂ ಅದೇ ಅನುಮಾನ. ಇದು ಹೇತುವಿಲ್ಲದ ಕೇಡು ಹೇತುವನ್ನು ಹುಡುಕಿಕೊಂಡು ಹೊರಟ ಬಗೆ ಎಂದು ಕವಿ ಕೋಲ್‌ರಿಜ್ ಗುರುತಿಸಿದ್ದು ಬಹಳ ಪ್ರಸಿದ್ಧವಾಗಿದೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಪದವಿ ತಪ್ಪಿದ ಸೈನಿಕನ ಉರಿ ಸಣ್ಣ ಕಾರಣವೇನೂ ಅಲ್ಲ. ಆದರೆ ಸ್ವಗತಗಳಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಅವನಲ್ಲಿ ಪೂರ್ತಿ ಯೋಜನೆ ಇಲ್ಲ. ಎರಡನೆಯ ಅಂಕದಲ್ಲಿ ಅವನೇ, ವಿಚಾರ ತಲೆಯಲ್ಲಿದೆ, ಆದರೆ ಇನ್ನೂ ಕಲಸಿಹೋಗಿದೆ ಎನ್ನುತ್ತಾನೆ. ಅವನು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿದ ಮಾಂತ್ರಿಕನೆಂದು ಬರೆಯುವ ಉತ್ತರಗಳು ಈ ಸಾಲನ್ನು ಓದದೆ ಬರೆದವು.

ಮೂರನೆಯ ಸ್ವಗತ ಎರಡನೆಯ ಅಂಕದ ಕೊನೆಯ ದೃಶ್ಯದಲ್ಲಿದೆ. ಅಲ್ಲಿ ಬರುವ ಮಾತನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಬೇಕು. ಡೆಸ್ಡಿಮೋನಾಳ ಸದ್ಗುಣವನ್ನೇ ಕಪ್ಪು ಟಾರನ್ನಾಗಿ ಮಾಡುತ್ತೇನೆ, ಅವಳ ಒಳ್ಳೆಯತನದಿಂದಲೇ ಎಲ್ಲರನ್ನೂ ಸಿಕ್ಕಿಸುವ ಬಲೆಯನ್ನು ಹೆಣೆಯುತ್ತೇನೆ ಎನ್ನುತ್ತಾನೆ ಅವನು. ಬಲೆಯ ನೂಲು ಅವನದಲ್ಲ, ಅವಳದು.

ನಾಲ್ಕನೆಯ ಹೆಜ್ಜೆ: ಕ್ಯಾಸಿಯೊನ ಪತನವನ್ನು ತಾಲೀಮೆಂದು ಓದಿ

ತುರ್ಕರಿಂದ ಸೈಪ್ರಸ್ ದ್ವೀಪವನ್ನು ಕಾಯಲು ವೆನಿಸ್ ಒಥೆಲೊನನ್ನು ಅಲ್ಲಿಗೆ ಕಳುಹಿಸಿದೆ; ಆದರೆ ಕಡಲಲ್ಲಿ ಬಿರುಗಾಳಿ ತುರ್ಕರ ನೌಕಾಪಡೆಯನ್ನು ನುಂಗಿದೆ. ಯುದ್ಧವಿಲ್ಲದ ಊರಿನಲ್ಲಿ ಸೈನಿಕರಿಗೆ ಹಬ್ಬ. ತನಗೆ ಕುಡಿತ ತಡೆಯದು ಎಂದು ಕ್ಯಾಸಿಯೊ ತಾನಾಗಿಯೇ ಹೇಳುತ್ತಾನೆ, ಮತ್ತು ಆ ಮಾತು ಕೇಳಿದ ಮೇಲೆ ಇಯಾಗೊ ಅವನಿಗೆ ಮತ್ತೂ ಕುಡಿಸುತ್ತಾನೆ. ಅವನಿಗೆ ಈ ಚಟ ದಿನವೂ ಇದ್ದದ್ದೇ ಎಂದು ಮೊಂಟಾನೊನಿಗೆ ಹೇಳಿದ್ದು ಶುದ್ಧ ಸುಳ್ಳು, ಮೊದಲ ಬಣ್ಣದಲ್ಲಿ ಬರೆದಿಡಿ. ರೊಡೆರಿಗೊ ಕೆಣಕುತ್ತಾನೆ, ಕತ್ತಿ ಹೊರಬರುತ್ತದೆ, ಮೊಂಟಾನೊ ಗಾಯಗೊಳ್ಳುತ್ತಾನೆ, ಊರಿನ ಗಂಟೆ ಬಡಿಯುತ್ತದೆ.

ಒಥೆಲೊ ಎದ್ದು ಬಂದು ಏನಾಯಿತೆಂದು ಕೇಳಿದಾಗ ಇಯಾಗೊ ಕೊಡುವ ಸಾಕ್ಷ್ಯವನ್ನು ನಿಧಾನವಾಗಿ ಓದಿ. ಕ್ಯಾಸಿಯೊಗೆ ಕೇಡಾಗುವ ಮಾತಾಡುವುದಕ್ಕಿಂತ ನನ್ನ ನಾಲಿಗೆ ಕತ್ತರಿಸಿಕೊಳ್ಳುವುದೇ ಮೇಲು ಎಂದು ಆರಂಭಿಸುತ್ತಾನೆ. ಆಮೇಲೆ ಹೇಳುವುದು ಹೆಚ್ಚುಕಡಿಮೆ ನಡೆದದ್ದನ್ನೇ. ತನ್ನ ಪಾತ್ರವೊಂದನ್ನು ಮಾತ್ರ ಬಿಡುತ್ತಾನೆ. ಪ್ರೀತಿಯಿಂದ ನೀನು ಕ್ಯಾಸಿಯೊನ ತಪ್ಪನ್ನು ಚಿಕ್ಕದು ಮಾಡುತ್ತಿದ್ದೀಯೆ ಎಂದು ಹೇಳಿ ಒಥೆಲೊ ಕ್ಯಾಸಿಯೊನನ್ನು ಪದವಿಯಿಂದ ಕಿತ್ತುಹಾಕುತ್ತಾನೆ. ಹೇಳಲು ಮನಸ್ಸಿಲ್ಲದವನಂತೆ ನಟಿಸಿದರೆ ಕೇಳುವವನು ಇರುವುದಕ್ಕಿಂತ ಹೆಚ್ಚು ಊಹಿಸಿಕೊಳ್ಳುತ್ತಾನೆ ಎಂಬ ಪಾಠವನ್ನು ಇಯಾಗೊ ಇಲ್ಲಿ ಪರೀಕ್ಷಿಸಿ ನೋಡಿದ್ದಾನೆ. ಮೂರನೆಯ ಅಂಕದಲ್ಲಿ ಪ್ರಯೋಗಿಸುವುದು ಇದನ್ನೇ.

ಇನ್ನೊಂದು ಹೋಲಿಕೆಯನ್ನೂ ಇಲ್ಲಿಯೇ ಗುರುತಿಸಿಕೊಳ್ಳಿ. ಹೆಸರು ಹೋಯಿತೆಂದು ಅಳುವ ಕ್ಯಾಸಿಯೊಗೆ ಇಯಾಗೊ, ಹೆಸರೆಂಬುದು ಬರೀ ಟೊಳ್ಳು, ಯೋಗ್ಯತೆಯಿಲ್ಲದೆ ಬಂದು ಅನ್ಯಾಯವಾಗಿ ಹೋಗುವಂಥದು ಎನ್ನುತ್ತಾನೆ. ಅದೇ ಇಯಾಗೊ ಒಥೆಲೊನ ಮುಂದೆ, ಒಳ್ಳೆಯ ಹೆಸರೇ ಆತ್ಮದ ಆಭರಣ, ಹಣ ಕದ್ದವನು ಕಸವನ್ನಷ್ಟೇ ಕದ್ದ ಎನ್ನುತ್ತಾನೆ. ಎರಡೂ ಸಾಲುಗಳನ್ನು ಒಂದೇ ಪುಟದಲ್ಲಿ ಎದುರುಬದುರು ಬರೆದುಕೊಂಡರೆ, ಅವನಿಗೆ ಸ್ವಂತ ಅಭಿಪ್ರಾಯವೆಂಬುದೇ ಇಲ್ಲ, ಎದುರಿಗಿರುವವನ ಗಾಯಕ್ಕೆ ತಕ್ಕ ಮಾತು ಮಾತ್ರ ಇದೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಐದನೆಯ ಹೆಜ್ಜೆ: ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ಇಬ್ಬರು ಕೂತು ಜೋರಾಗಿ ಓದಿ

ಈ ದೃಶ್ಯಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಆರಂಭದಲ್ಲಿ ಒಥೆಲೊ ಹೆಂಡತಿಯನ್ನು ತುಂಬಾ ಪ್ರೀತಿಸುವ ಗಂಡ; ಕೊನೆಯಲ್ಲಿ ಅವನು ಮೊಣಕಾಲೂರಿ ಸೇಡಿನ ಪ್ರತಿಜ್ಞೆ ಮಾಡುತ್ತಾನೆ. ಒಂದೇ ದೃಶ್ಯದಲ್ಲಿ ಇಷ್ಟು ದೂರ ನಡೆಸುವುದು ನಂಬಲರ್ಹವೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕಿವಿಯಿಂದಲೇ ಓದಬೇಕು.

ಕ್ಯಾಸಿಯೊ ಡೆಸ್ಡಿಮೋನಾಳ ಬಳಿ ಶಿಫಾರಸು ಕೇಳಿ, ಒಥೆಲೊ ಬರುವುದನ್ನು ಕಂಡು ನಾಚಿಕೆಯಿಂದ ಹೊರಟುಹೋಗುತ್ತಾನೆ. ‘ಛೇ, ಇದು ನನಗೆ ಸರಿಬರಲಿಲ್ಲ’ ಎಂದು ಇಯಾಗೊ ಗೊಣಗುತ್ತಾನೆ. ಏನೆಂದೆ ಎಂದರೆ, ಏನೂ ಇಲ್ಲ ಎನ್ನುತ್ತಾನೆ. ಹೋದದ್ದು ಕ್ಯಾಸಿಯೊ ಅಲ್ಲವೇ ಎಂದು ಒಥೆಲೊ ಕೇಳಿದರೆ, ನಿಮ್ಮನ್ನು ಕಂಡು ತಪ್ಪಿತಸ್ಥನಂತೆ ನುಸುಳಿಕೊಂಡು ಹೋಗುವವನು ಅವನಾಗಿರಲಾರ ಎನ್ನುತ್ತಾನೆ. ಆರೋಪ ಇಲ್ಲ, ಸಮರ್ಥನೆ ಮಾತ್ರ ಇದೆ. ಆದರೆ ‘ತಪ್ಪಿತಸ್ಥ’ ಎಂಬ ಪದ ಗಾಳಿಯಲ್ಲಿ ಉಳಿದುಕೊಂಡಿತು.

ನೀವು ಮದುವೆಗೆ ಮುಂಚೆ ಅವಳನ್ನು ಬಯಸುತ್ತಿದ್ದುದು ಕ್ಯಾಸಿಯೊಗೆ ಗೊತ್ತಿತ್ತೆ ಎಂಬುದು ಮುಂದಿನ ಪ್ರಶ್ನೆ. ಗೊತ್ತಿತ್ತು, ನಮ್ಮ ನಡುವೆ ಓಡಾಡಿದವನೇ ಅವನು ಎಂಬ ಉತ್ತರ ಬಂದ ಕೂಡಲೇ ‘ಹೌದೆ!’ ಎಂಬ ಒಂದು ಉದ್ಗಾರ. ಅಲ್ಲಿಂದ ಮುಂದೆ ಇಯಾಗೊ ಒಥೆಲೊನ ಮಾತಿನ ಕೊನೆಯ ಪದವನ್ನೇ ಪ್ರಶ್ನೆಯಾಗಿಸಿ ಹಿಂದಿರುಗಿಸುತ್ತಾನೆ. ಅವನು ಪ್ರಾಮಾಣಿಕನಲ್ಲವೇ ಎಂದರೆ, ‘ಪ್ರಾಮಾಣಿಕನೇ, ಸ್ವಾಮಿ?’ ಏನು ಯೋಚಿಸುತ್ತಿದ್ದೀಯೆ ಎಂದರೆ, ‘ಯೋಚಿಸುವುದೇ, ಸ್ವಾಮಿ?’ ಇವನು ನನ್ನ ಮಾತನ್ನೇ ಪ್ರತಿಧ್ವನಿಸುತ್ತಿದ್ದಾನಲ್ಲ, ಮನಸ್ಸಿನಲ್ಲಿ ತೋರಿಸಲಾಗದ ಯಾವುದೋ ಭೂತ ಅಡಗಿದೆಯೇನೋ ಎಂದು ಒಥೆಲೊ ಬಾಯಿ ಬಿಡುತ್ತಾನೆ. ಇಬ್ಬರು ಓದುವಾಗ ಇಯಾಗೊನ ಪಾಲಿನವರು ಈ ಪ್ರತಿಧ್ವನಿಗಳ ಮುಂಚೆ ಸ್ವಲ್ಪ ತಡೆದು ಓದಲಿ. ಆ ಮೌನವನ್ನು ತುಂಬಲು ಒಥೆಲೊ ಎಷ್ಟು ತವಕಿಸುತ್ತಾನೆ ಎಂಬುದು ಓದುವವರ ಮೈಗೇ ತಿಳಿಯುತ್ತದೆ.

ಅನಂತರ ಅಸೂಯೆಯೆಂಬ ಹಸಿರು ಕಣ್ಣಿನ ಪಿಶಾಚಿಯ ಬಗ್ಗೆ ಎಚ್ಚರಿಕೆಯಿರಲಿ ಎಂದು ಇಯಾಗೊ ಉಪದೇಶಿಸುತ್ತಾನೆ. ಆವರೆಗೆ ಅಸೂಯೆ ಎಂಬ ಪದವನ್ನು ಒಥೆಲೊ ಬಾಯಿಗೆ ತಂದಿರಲಿಲ್ಲ. ಬೇಡವೆಂದು ಹೇಳುತ್ತಲೇ ಅದನ್ನು ಅವನ ಕೈಗಿಟ್ಟಾಯಿತು. ಮುಂದೆ, ವೆನಿಸ್ಸಿನ ಹೆಂಗಸರು ಗಂಡಂದಿರಿಗೆ ತೋರಿಸದ್ದನ್ನು ದೇವರಿಗೆ ಮಾತ್ರ ತೋರಿಸುತ್ತಾರೆ ಎಂಬ ಮಾತು. ಇದು ಹೊರಗಿನವನಿಗೆ ಒಳಗಿನವನು ಕೊಟ್ಟ ಮಾಹಿತಿ. ಆಮೇಲೆ, ಅವಳು ನಿಮ್ಮನ್ನು ಮದುವೆಯಾಗಲು ತಂದೆಗೇ ಮೋಸ ಮಾಡಿದಳಲ್ಲ ಎನ್ನುತ್ತಾನೆ. ಇದು ನಿಜ. ಮೊದಲ ಅಂಕದಲ್ಲಿ ಬ್ರಬಾಂಶಿಯೊ ಹೋಗುವಾಗ ಇದನ್ನೇ ಒಥೆಲೊಗೆ ಹೇಳಿಹೋಗಿದ್ದ, ಮತ್ತು ಆಗ ಒಥೆಲೊ ಅವಳ ನಿಷ್ಠೆಗೆ ನನ್ನ ಪ್ರಾಣವನ್ನೇ ಪಣವಿಡುತ್ತೇನೆ ಎಂದಿದ್ದ. ಈಗ ಅವನ ಉತ್ತರ: ಹೌದು, ಮಾಡಿದಳು.

ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಗಮನಿಸದೆ ದಾಟಿಹೋಗುವ, ಆದರೆ ಇಡೀ ನಾಟಕದ ಕೀಲಿಯಾಗಿರುವ ಜಾಗ ಇದರ ಮುಂದೆಯೇ ಇದೆ. ಡೆಸ್ಡಿಮೋನಾ ಪ್ರಾಮಾಣಿಕಳೆಂದೇ ನಾನು ನಂಬುತ್ತೇನೆ ಎಂದ ಒಥೆಲೊ, ‘ಆದರೂ ಪ್ರಕೃತಿ ತನ್ನ ದಾರಿ ತಪ್ಪಿದಾಗ...’ ಎಂದು ಅರ್ಧ ವಾಕ್ಯವನ್ನು ತಾನೇ ಆರಂಭಿಸುತ್ತಾನೆ. ಇಯಾಗೊ ಅಲ್ಲಿ ಬಾಯಿ ಹಾಕಿ, ಅದೇ ಮಾತು, ತನ್ನ ನಾಡಿನ, ತನ್ನ ಬಣ್ಣದ, ತನ್ನ ಅಂತಸ್ತಿನ ವರಗಳನ್ನೆಲ್ಲ ಬಿಟ್ಟವಳು ಎಂದು ವಾಕ್ಯವನ್ನು ಪೂರ್ತಿ ಮಾಡುತ್ತಾನೆ. ವೆನಿಸ್ ಒಥೆಲೊನ ಬಗ್ಗೆ ಹೊಂದಿದ್ದ ತಿರಸ್ಕಾರ ಒಥೆಲೊನ ಒಳಗೇ ಬೇರುಬಿಟ್ಟಿತ್ತು. ಇಯಾಗೊ ಅದಕ್ಕೆ ನೀರೆರೆದ. ಒಂಟಿಯಾದ ಕೂಡಲೇ ಒಥೆಲೊ ನುಡಿಯುವ ಕಾರಣಗಳು ಯಾವುವೆಂದು ನೋಡಿ: ನಾನು ಕಪ್ಪಗಿರುವುದರಿಂದಲೋ, ನಾಜೂಕಿನ ಮಾತು ಬಾರದ್ದರಿಂದಲೋ, ವಯಸ್ಸು ಇಳಿಯುತ್ತಿರುವುದರಿಂದಲೋ. ನಾಟಕದಲ್ಲಿ ನನ್ನನ್ನು ಬಹಳ ನೋಯಿಸುವ ಸಾಲುಗಳಿವು.

ನಮ್ಮ ಓದುಗರಿಗೆ ಮಂಥರೆಯ ನೆನಪು ಬಾರದಿರದು. ವಾಲ್ಮೀಕಿ ರಾಮಾಯಣದಲ್ಲಿ ರಾಮನ ಪಟ್ಟಾಭಿಷೇಕದ ಸುದ್ದಿ ಕೇಳಿ ಕೈಕೇಯಿ ಸಂತೋಷದಿಂದ ಆಭರಣವನ್ನೇ ಕೊಡುತ್ತಾಳೆ. ಮಂಥರೆ ಅವಳಲ್ಲಿ ಎಬ್ಬಿಸುವುದು ಮಗನ ಭವಿಷ್ಯದ ಭಯವನ್ನು, ಸವತಿಯ ಭಯವನ್ನು. ಕಿವಿಯೂದುವವರಿಗೆ ಒಳಗಡೆ ಮೊದಲೇ ಇರುವ ಭಯವೊಂದು ಬೇಕು. ಆದರೆ ಮಂಥರೆ ತನ್ನ ಮಾತನ್ನು ನೇರವಾಗಿ ಹೇಳುತ್ತಾಳೆ. ಇಯಾಗೊ ಅದನ್ನು ಒಥೆಲೊನ ಬಾಯಿಂದಲೇ ಹೊರಡಿಸುತ್ತಾನೆ. ಉತ್ತರ ಬರೆಯುವಾಗ ಈ ವ್ಯತ್ಯಾಸವನ್ನು ಬಿಡಬೇಡಿ.

ಕೊನೆಗೆ ಅವನು ಒಂದು ಪರೀಕ್ಷೆಯನ್ನು ಸೂಚಿಸುತ್ತಾನೆ: ಕ್ಯಾಸಿಯೊಗೆ ಪದವಿ ಕೊಡುವುದನ್ನು ಸ್ವಲ್ಪ ಕಾಲ ತಡೆಯಿರಿ, ನಿಮ್ಮ ಹೆಂಡತಿ ಎಷ್ಟು ಒತ್ತಾಯಿಸುತ್ತಾಳೋ ನೋಡಿ. ಒತ್ತಾಯಿಸುವೆನೆಂದು ಅವಳು ಕ್ಯಾಸಿಯೊಗೆ ಮಾತು ಕೊಟ್ಟಾಗಿದೆ, ಆ ಮಾತು ಕೊಡಿಸಿದವನೂ ಇಯಾಗೊನೇ. ಇನ್ನು ಅವಳು ಎಷ್ಟು ಒಳ್ಳೆಯವಳಾಗಿರುತ್ತಾಳೋ ಅಷ್ಟು ಅಪರಾಧಿಯಾಗಿ ಕಾಣುತ್ತಾಳೆ.

ಆರನೆಯ ಹೆಜ್ಜೆ: ಕರವಸ್ತ್ರದ ದಾರಿಯನ್ನು ಚಿತ್ರ ಬರೆದುಕೊಳ್ಳಿ

ಸ್ಟ್ರಾಬೆರಿಯ ಕಸೂತಿಯಿದ್ದ ಆ ಕರವಸ್ತ್ರ ಒಥೆಲೊ ಕೊಟ್ಟ ಮೊದಲ ಉಡುಗೊರೆ. ಗಂಡನ ತಲೆನೋವಿಗೆ ಕಟ್ಟಲು ಡೆಸ್ಡಿಮೋನಾ ಅದನ್ನು ತೆಗೆಯುತ್ತಾಳೆ, ಅವನು ಸರಿಸುತ್ತಾನೆ, ಅದು ಬೀಳುತ್ತದೆ. ಎಮಿಲಿಯಾ ಎತ್ತಿಕೊಂಡು ಗಂಡನಿಗೆ ಕೊಡುತ್ತಾಳೆ. ಅವನು ಕ್ಯಾಸಿಯೊನ ಕೋಣೆಯಲ್ಲಿ ಹಾಕುತ್ತಾನೆ. ಕ್ಯಾಸಿಯೊ ಆ ಕಸೂತಿಯನ್ನು ನಕಲು ಮಾಡಿಕೊಡೆಂದು ತನ್ನ ಪ್ರೇಯಸಿ ಬಿಯಾಂಕಾಳಿಗೆ ಕೊಡುತ್ತಾನೆ. ಪ್ರತಿ ಕೈ ಬದಲಾವಣೆಯ ಪಕ್ಕದಲ್ಲಿ ಅದು ಯಾವ ಭಾವನೆಯಿಂದ ಆಯಿತು ಎಂದು ಬರೆಯಿರಿ: ಆರೈಕೆ, ಗಂಡನನ್ನು ಮೆಚ್ಚಿಸುವ ಆಸೆ, ಮೋಸ, ಸೊಗಸಿನ ಮೇಲಿನ ಇಷ್ಟ. ಐದು ಕೈಗಳಲ್ಲಿ ಒಂದು ಮಾತ್ರ ಕೆಟ್ಟದ್ದು.

ಚಿಂತಿಯೊನ ಮೂಲಕಥೆಯಲ್ಲಿ ಧ್ವಜಧಾರಿಯೇ ಅದನ್ನು ಕದಿಯುತ್ತಾನೆ, ಡೆಸ್ಡಿಮೋನಾ ಅವನ ಪುಟ್ಟ ಮಗಳನ್ನು ಎತ್ತಿಕೊಂಡಿರುವಾಗ. ಷೇಕ್ಸ್‌ಪಿಯರ್ ಆ ಕಳ್ಳತನವನ್ನು ತೆಗೆದು, ಬೀಳುವಿಕೆ ಮತ್ತು ಎಮಿಲಿಯಾಳ ಕೈಯನ್ನು ತಂದ. 1693ರಲ್ಲಿ ವಿಮರ್ಶಕ ಥಾಮಸ್ ರೈಮರ್ ಒಂದು ಕರವಸ್ತ್ರಕ್ಕಾಗಿ ಇಷ್ಟು ರಾದ್ಧಾಂತವೇ ಎಂದು ಹಳಿದಿದ್ದ. ಆದರೆ ವಸ್ತು ಚಿಕ್ಕದಾಗಿರಬೇಕಾದದ್ದೇ ಇಲ್ಲಿನ ಮರ್ಮ; ಗಾಳಿಯಷ್ಟು ಹಗುರವಾದದ್ದೂ ಅಸೂಯೆಪಟ್ಟವನಿಗೆ ಧರ್ಮಗ್ರಂಥದ ಸಾಕ್ಷಿಯಾಗುತ್ತದೆ ಎಂದು ಇಯಾಗೊನೇ ಹೇಳುತ್ತಾನೆ.

ಕಣ್ಣಿಗೆ ಕಾಣುವ ಸಾಕ್ಷಿ ಕೊಡು ಎಂದು ಒಥೆಲೊ ಅವನ ಮೇಲೆರಗಿದ ಕ್ಷಣವೊಂದೇ ಇಯಾಗೊ ನಿಜಕ್ಕೂ ಅಪಾಯದಲ್ಲಿರುವ ಕ್ಷಣ. ಆಗ ಅವನು ಹೇಳುವುದು ಎರಡು ದಿಟ್ಟ ಸುಳ್ಳುಗಳನ್ನು: ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದ್ದು, ಕ್ಯಾಸಿಯೊ ಆ ಕರವಸ್ತ್ರದಿಂದ ಗಡ್ಡ ಒರೆಸಿಕೊಂಡದ್ದು. ಮೊದಲ ಬಣ್ಣದ ಪೆನ್ನು ಇಲ್ಲಿ ಬೇಕಾಗುತ್ತದೆ. ಕನಸಿಗೆ ಸಾಕ್ಷಿ ಕೇಳಲು ಯಾರಿಗೂ ಬರುವುದಿಲ್ಲ ಎಂಬುದನ್ನು ಗಮನಿಸಿ.

ನಾಲ್ಕನೆಯ ಅಂಕದಲ್ಲಿ ಒಥೆಲೊ ಮರೆಯಲ್ಲಿ ನಿಂತು ಕೇಳುವ ದೃಶ್ಯವನ್ನು ಬೇಗನೆ ನೋಡಿ ಮುಂದೆ ಹೋಗಬಹುದು: ಇಯಾಗೊ ಕ್ಯಾಸಿಯೊನನ್ನು ಕೇಳುವುದು ಬಿಯಾಂಕಾಳ ಬಗ್ಗೆ, ಒಥೆಲೊ ಅರ್ಥಮಾಡಿಕೊಳ್ಳುವುದು ಡೆಸ್ಡಿಮೋನಾಳ ಬಗ್ಗೆ. ಅದೇ ಹೊತ್ತಿಗೆ ಬಿಯಾಂಕಾ ಕರವಸ್ತ್ರ ಹಿಡಿದು ಬಂದದ್ದು ಇಯಾಗೊನ ಯೋಜನೆಯಲ್ಲ, ಅದೃಷ್ಟ.

ಏಳನೆಯ ಹೆಜ್ಜೆ: ಬಲೆ ಹರಿಯಬಹುದಾಗಿದ್ದ ಜಾಗಗಳನ್ನು ಹುಡುಕಿ

ಈ ಹೆಜ್ಜೆಯನ್ನು ಬಿಟ್ಟರೆ ದುರಂತ ಬರೀ ವಿಧಿಯಾಟವಾಗಿ ಕಾಣುತ್ತದೆ. ಕರವಸ್ತ್ರ ಎಲ್ಲಿ ಹೋಯಿತೋ ಎಂದು ಡೆಸ್ಡಿಮೋನಾ ಕೇಳಿದಾಗ, ಗೊತ್ತಿಲ್ಲ ತಾಯಿ ಎಂದಳು ಎಮಿಲಿಯಾ. ಕಳೆದಿಲ್ಲ ಎಂದು ಹೆದರಿ ಗಂಡನಿಗೆ ಹೇಳಿದಳು ಡೆಸ್ಡಿಮೋನಾ. ಯಾರೋ ಪದವಿಯ ಆಸೆಗೆ ಈ ಅಪವಾದ ಹುಟ್ಟಿಸಿದ್ದಾನೆ ಎಂದು ಎಮಿಲಿಯಾ ಸಿಡಿದಾಗ, ಅಂಥವನು ಇರಲಾರ, ಅದು ಅಸಾಧ್ಯ ಎಂದು ಹೇಳುವವನು ಇಯಾಗೊ. ಅದೇ ದೃಶ್ಯದಲ್ಲಿ ಡೆಸ್ಡಿಮೋನಾ ಅವನ ಮುಂದೆಯೇ ಮೊಣಕಾಲೂರಿ ದಾರಿ ಕೇಳುತ್ತಾಳೆ.

ಒಥೆಲೊ ಕ್ಯಾಸಿಯೊನನ್ನು ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದು ಐದನೆಯ ಅಂಕದ ಕೊನೆಗೆ, ಡೆಸ್ಡಿಮೋನಾ ಹಾಸಿಗೆಯ ಮೇಲೆ ಹೆಣವಾಗಿ ಬಿದ್ದಿರುವಾಗ: ನನ್ನ ಹೆಂಡತಿಯ ಕರವಸ್ತ್ರ ನಿನಗೆ ಹೇಗೆ ಬಂತು? ಕೋಣೆಯಲ್ಲಿ ಸಿಕ್ಕಿತು ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಮೂರನೆಯ ಅಂಕದಲ್ಲಿ ಇದೇ ಪ್ರಶ್ನೆ ಬರದಂತೆ ತಡೆದದ್ದು ಯಾವುದು ಎಂಬುದರ ಮೇಲೆ ಅರ್ಧ ಪುಟ ಬರೆಯಲು ಪ್ರಯತ್ನಿಸಿ. ಒಥೆಲೊನ ಅಭಿಮಾನ, ಸೈನಿಕನಿಗೆ ಅಭ್ಯಾಸವಾದ ತ್ವರಿತ ತೀರ್ಮಾನ, ಹೆಂಗಸಿನ ಮಾತಿಗಿಂತ ಗಂಡಸಿನ ಮಾತಿಗೆ ಹೆಚ್ಚು ತೂಕ ಕೊಡುವ ಲೋಕ, ಇವೆಲ್ಲವೂ ಉತ್ತರದೊಳಗೆ ಬರಬೇಕು.

ಆಡಿಸುವವರಿಗೆ ಒಂದು ಮಾತು

ಇಯಾಗೊನ ಪಾತ್ರ ಸಿಕ್ಕ ನಟರು ಹುಬ್ಬು ಗಂಟಿಕ್ಕಿ, ಕಂಪನಿ ನಾಟಕದ ಖಳನಂತೆ ನಗುತ್ತಾ ಬಂದರೆ ಒಥೆಲೊ ಪೆದ್ದನಾಗಿ ಕಾಣುತ್ತಾನೆ, ನಾಟಕ ಅಲ್ಲಿಗೇ ಕೆಡುತ್ತದೆ. ಇತರ ಪಾತ್ರಗಳೊಡನೆ ಇರುವಾಗ ಅವನು ಎಲ್ಲರಿಗೂ ಬೇಕಾದ, ಸ್ವಲ್ಪ ಒರಟು ಮಾತಿನ, ಕಷ್ಟಕ್ಕಾಗುವ ಮನುಷ್ಯನಾಗಿಯೇ ಇರಲಿ. ಒಥೆಲೊಗಿಂತ ಹೆಚ್ಚು ಸಾಲುಗಳಿರುವ ಪಾತ್ರವಿದು. ಆ ಮಾತುಗಳಲ್ಲಿ ಮೆಲುದನಿಯವನ್ನು ಮೆಲುದನಿಯಲ್ಲೇ ಬಿಡಿ.

ಮೋಸ ಬಯಲಾಗುವುದು ಎಮಿಲಿಯಾಳಿಂದ. ಇದನ್ನೆಲ್ಲ ನಿನ್ನ ಗಂಡನೇ ತಿಳಿಸಿದ್ದು ಎಂದು ಒಥೆಲೊ ಹೇಳಿದಾಗ ಅವಳು ‘ನನ್ನ ಗಂಡನೇ?’ ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಇಯಾಗೊ ಒಥೆಲೊನ ಮಾತನ್ನು ಪ್ರತಿಧ್ವನಿಸಿದಂತೆಯೇ ಇದೂ ಒಂದು ಪ್ರತಿಧ್ವನಿ, ಆದರೆ ಇಲ್ಲಿ ಪ್ರತಿ ಸಲವೂ ಒಂದೊಂದು ಎಳೆ ಬಿಚ್ಚಿಕೊಳ್ಳುತ್ತದೆ. ನಟಿ ಅದನ್ನು ಒಂದೇ ದನಿಯಲ್ಲಿ ಹೇಳಬಾರದು. ಇಯಾಗೊ ತನ್ನ ಸಮರ್ಥನೆಗೆ, ನನಗೆ ಅನಿಸಿದ್ದನ್ನು ಹೇಳಿದೆ, ಅವನಿಗೇ ನಿಜವೆಂದು ತೋರಿದ್ದಕ್ಕಿಂತ ಹೆಚ್ಚೇನೂ ಹೇಳಲಿಲ್ಲ ಎನ್ನುತ್ತಾನೆ. ಬಾಯಿ ಮುಚ್ಚು ಎಂದರೂ ಕೇಳದೆ ಎಮಿಲಿಯಾ ಕರವಸ್ತ್ರದ ಸಂಗತಿ ಹೇಳುತ್ತಾಳೆ, ಹೇಳಿ ಅವನ ಕತ್ತಿಗೆ ಬಲಿಯಾಗುತ್ತಾಳೆ. ಯಾಕೆ ಹೀಗೆ ಮಾಡಿದೆ ಎಂಬ ಒಥೆಲೊನ ಪ್ರಶ್ನೆಗೆ ಇಯಾಗೊ ಕೊಡುವ ಉತ್ತರ, ನನ್ನನ್ನು ಏನೂ ಕೇಳಬೇಡಿ, ನಿಮಗೆ ಗೊತ್ತಿರುವುದು ನಿಮಗೆ ಗೊತ್ತಿದೆ, ಇನ್ನು ಮುಂದೆ ನಾನು ಒಂದು ಮಾತೂ ಆಡುವುದಿಲ್ಲ ಎಂಬುದು. ಆ ಸಾಲಿನ ನಂತರ ನಾಟಕ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತದೆ. ಅಷ್ಟೂ ಹೊತ್ತು ಅವನು ರಂಗದ ಮೇಲೆ ನಿಂತು ಹಾಸಿಗೆಯ ಕಡೆಗೆ ನೋಡುತ್ತಿರಬೇಕೋ, ಪ್ರೇಕ್ಷಕರ ಕಡೆಗೋ ಎಂಬುದನ್ನು ನಿರ್ದೇಶಕರು ತಾಲೀಮಿನ ಮೊದಲ ವಾರದಲ್ಲೇ ತೀರ್ಮಾನಿಸಿಕೊಳ್ಳಲಿ.